ತಲೆಬುರುಡೆ ದ್ವೀಪಕ್ಕೆ ಯಾರ ಶಾಪ?

ಈ ವಾರ ಬಂದ ಪತ್ರಗಳ ರಾಶಿಯಲ್ಲಿ ಒಂದು ಕಾರ್ಡು ನನ್ನನ್ನು ಹಿಡಿದು ಕೂರಿಸಿಬಿಟ್ಟಿತು. 'ಸಾರ್, ಕಿಂಗ್ ಕಾಂಗ್ ಬಗ್ಗೆ ಎಲ್ಲಾರೂ ಬರೀತಾರೆ. ಅವನು ಹುಟ್ಟಿದ ದ್ವೀಪದ ಕಥೆ ಏನು? ಅದಕ್ಕೆ ಯಾರ ಶಾಪ?' ಭಲೇ! ಹೀರೋ ಬಗ್ಗೆ ಕೇಳೋರು ನೂರು ಮಂದಿ, ಹೀರೋ ಊರಿನ ಬಗ್ಗೆ ಕೇಳೋನು ಒಬ್ಬ. (ದಾರಾಸಿಂಗ್ ಜತೆ ಅಖಾಡದಲ್ಲಿ ಸೆಣಸಿದ ಕಿಂಗ್ ಕಾಂಗ್ ಬೇರೆ ಸ್ವಾಮಿ, ಅವನು ಪೈಲ್ವಾನ. ನಾನು ಹೇಳ್ತಿರೋದು ಗೋರಿಲ್ಲಾ ಕಾಂಗ್ ವಿಷಯ!)

1933ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ತೆರೆ ಕಂಡ ಮೊದಲ ಚಿತ್ರದ ಪ್ರಕಾರ ಈ ದ್ವೀಪ ಇರೋದು ಸುಮಾತ್ರಾದಿಂದ ಬಹು ದೂರ ಪಶ್ಚಿಮಕ್ಕೆ. ಯಾವ ನಕಾಶೆಯಲ್ಲೂ ಇಲ್ಲ. ಬಿರುಗಾಳಿಗೆ ಸಿಕ್ಕ ಒಂದು ದೋಣಿ, ಅದರಲ್ಲಿ ಜೀವ ಹಿಡಿದಿದ್ದ ಒಬ್ಬನೇ ಒಬ್ಬ ದ್ವೀಪವಾಸಿ. ಅವನು ಸಾಯೋ ಮೊದಲು ಹೇಳಿದ್ದನ್ನು ನಾರ್ವೆ ಹಡಗಿನ ಕ್ಯಾಪ್ಟನ್ನು ಕಾಗದದ ಮೇಲೆ ಗೀಚಿಟ್ಟ. ಆ ಕಾಗದ ಸಿನಿಮಾ ತೆಗೆಯೋ ಕಾರ್ಲ್ ಡೆನ್‌ಹ್ಯಾಮ್ ಕೈ ಸೇರಿತು. ಮುಗೀತು! ಗ್ರಹಚಾರ ಅಲ್ಲಿಂದ ಶುರು.

ದ್ವೀಪದಲ್ಲಿ ಏನಿದೆ? ಮಂಜು, ತಲೆಬುರುಡೆ ಆಕಾರದ ಬೆಟ್ಟ, ಮತ್ತೆ ಒಂದು ಗೋಡೆ. ಈ ಗೋಡೆ ನೋಡಿ, ನನಗೆ ಇಡೀ ಚಿತ್ರದಲ್ಲಿ ಕಾಂಗ್‌ಗಿಂತ ಹೆಚ್ಚು ಕಾಡಿದ್ದು ಇದೇ. ಕಟ್ಟಿದವರು ಯಾರೋ, ಈಗ ಇರೋರಿಗೆ ಅವರ ನೆನಪೂ ಇಲ್ಲ. ಆದ್ರೂ ತಲೆಮಾರಿನಿಂದ ತಲೆಮಾರಿಗೆ ಅದನ್ನ ಸ್ವಲ್ಪವೂ ಮುಕ್ಕಾಗದ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಯಾಕೆ? ಆಚೆ ಕಡೆ ಕಾಂಗ್ ಇದ್ದಾನೆ. ಅವನಿಗೆ ಆಗಾಗ ಒಬ್ಬ ಹೆಣ್ಣುಮಗಳನ್ನ ಒಪ್ಪಿಸಬೇಕು. ಇದಕ್ಕಿಂತ ದೊಡ್ಡ ಶಾಪ ಬೇಕೆ ಅಂತೀರಾ? ತಾಳಿ.

ಇದೆಲ್ಲ ಎಲ್ಲಿಂದ ಹುಟ್ಟಿತು ಗೊತ್ತೇ? ನಿಜವಾದ ಒಂದು ದ್ವೀಪದಿಂದ! 1926ರಲ್ಲಿ ಡಗ್ಲಸ್ ಬರ್ಡನ್ ಅನ್ನೋ ಅಮೆರಿಕದ ಸಾಹಸಿ, ಆಗ ಡಚ್ಚರ ಕೈಯಲ್ಲಿದ್ದ ಕೊಮೊಡೊ ದ್ವೀಪಕ್ಕೆ ಹೋದ. ಅಲ್ಲಿ ಹತ್ತು ಅಡಿವರೆಗೂ ಬೆಳೆಯೋ ಉಡಗಳು! ಎರಡನ್ನ ಜೀವಸಹಿತ ಹಿಡಿದು ತಂದು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿಟ್ಟರು. ನೋಡೋಕೆ ಜನವೋ ಜನ. ಆದರೆ ಆ ಉಡಗಳು ಬಹಳ ದಿನ ಬದುಕಲಿಲ್ಲ. ಬರ್ಡನ್ನನ ಗೆಳೆಯ ಮೆರಿಯನ್ ಕೂಪರ್ ಮನಸ್ಸಿಗೆ ನಾಟಿದ್ದು ಈ ಸಾವು. ಕಾಡಿನ ರಾಜನನ್ನ ಪೇಟೆಗೆ ತಂದರೆ ಪೇಟೆಯೇ ಅವನನ್ನ ಕೊಲ್ಲುತ್ತೆ ಅನ್ನೋ ಎಳೆ ಸಿಕ್ಕಿತು. ಉಡ ಹೋಗಿ ಗೋರಿಲ್ಲಾ ಆಯ್ತು, ಮೃಗಾಲಯ ಹೋಗಿ ಎಂಪೈರ್ ಸ್ಟೇಟ್ ಕಟ್ಟಡ ಆಯ್ತು. ಕೊನೇಲಿ ಕಾಂಗ್ ಮೇಲೆ ಗುಂಡು ಹಾರಿಸೋ ವಿಮಾನದಲ್ಲಿ ಕೂತಿರೋರು ಯಾರು ಅಂತೀರಿ? ಸ್ವತಃ ಕೂಪರ್ ಮತ್ತು ಅವನ ಜತೆ ನಿರ್ದೇಶಕ ಶೂಡ್ಸ್ಯಾಕ್! ಹುಟ್ಟಿಸಿದವರೇ ಕೊಂದರು.

ಇನ್ನು ದ್ವೀಪ ಕಟ್ಟಿದ ಕಸುಬು. ವಿಲ್ಲಿಸ್ ಓಬ್ರಿಯನ್ ಅನ್ನೋ ಮಹಾನುಭಾವ, ಸುಮಾರು ಒಂದೂವರೆ ಅಡಿ ಗೊಂಬೆಯನ್ನ ಕೂದಲೆಳೆಯಷ್ಟು ಸರಿಸೋದು, ಒಂದು ಫ್ರೇಮ್ ತೆಗೆಯೋದು, ಮತ್ತೆ ಸರಿಸೋದು. ಸೆಕೆಂಡಿಗೆ 24 ಫ್ರೇಮ್ ಸ್ವಾಮಿ, ಲೆಕ್ಕ ಹಾಕಿ! ಗೊಂಬೆಗೆ ಮೊಲದ ಚರ್ಮ ಹೊದಿಸಿದವನು ಮಾರ್ಸೆಲ್ ಡೆಲ್ಗಾಡೊ. ಕಾಂಗ್‌ನ ಮೈಕೂದಲು ಸುಮ್ಮಸುಮ್ಮನೆ ಅಲುಗೋದು ಗಮನಿಸಿದ್ದೀರಾ? ಅದು ಗಾಳಿ ಅಲ್ಲ, ಗೊಂಬೆ ಮುಟ್ಟಿದ ಕೈಬೆರಳಿನ ಗುರುತು!

ಇದೇ ಓಬ್ರಿಯನ್ ಬಾಳಲ್ಲಿ ಏನಾಯ್ತು ಕೇಳಿ. ಕಾಂಗ್ ಗೆದ್ದ ಅದೇ 1933ರ ಅಕ್ಟೋಬರ್‌ನಲ್ಲಿ, ದೂರವಾಗಿದ್ದ ಅವನ ಹೆಂಡತಿ ಇಬ್ಬರು ಗಂಡುಮಕ್ಕಳನ್ನ ಗುಂಡಿಟ್ಟು ಕೊಂದಳು. ಇದನ್ನೂ ದ್ವೀಪದ ಶಾಪದ ಪಟ್ಟಿಗೆ ಸೇರಿಸಿ ಬಣ್ಣ ಕಟ್ಟಿ ಬರೆಯೋಕೆ ನನಗೆ ಮನಸ್ಸಿಲ್ಲ. ಅದು ಒಬ್ಬ ತಂದೆಯ ದುಃಖ, ಅಷ್ಟೇ.

ಸರಿ, ಶಾಪಕ್ಕೆ ಬರೋಣ. ಮೊದಲ ಚಿತ್ರದಲ್ಲಿ ಬಿಳಿಯರು ಬಂದ ಮೇಲೆ ಕಾಂಗ್ ಬಾಗಿಲು ಮುರಿದು ಹಳ್ಳಿಗೆ ನುಗ್ಗಿ ಸಿಕ್ಕಸಿಕ್ಕವರನ್ನ ತುಳೀತಾನೆ, ಅಗೀತಾನೆ. (1938ರಲ್ಲಿ ಮರುಬಿಡುಗಡೆ ಆದಾಗ ಸೆನ್ಸಾರ್ ಕತ್ತರಿ ಬಿದ್ದದ್ದು ಇಂಥ ಕಡೆಗಳಿಗೇ.) ಡೆನ್‌ಹ್ಯಾಮ್ ಗ್ಯಾಸ್ ಬಾಂಬು ಎಸೆದು ಕಾಂಗನ್ನ ಕೆಡವಿ ಹೊತ್ತುಕೊಂಡು ಹೋದ. ಕ್ಯಾಮೆರಾನೂ ಅವನ ಹಿಂದೆ ಹೋಯ್ತು. ಹಳ್ಳಿಯಲ್ಲಿ ಸತ್ತವರನ್ನ ಯಾರು ಮಣ್ಣು ಮಾಡಿದರು? ಚಿತ್ರ ಕೇಳೋದೇ ಇಲ್ಲ! ಆ ಹಳ್ಳಿಯ ನಾಯಕನ ಪಾತ್ರ ಮಾಡಿದವನು ನೋಬಲ್ ಜಾನ್ಸನ್. ಅವನು ಯಾರು ಗೊತ್ತೇ? ಕರಿಯರ ಬದುಕನ್ನ ಮಾನವಾಗಿ ತೆರೆಗೆ ತರಬೇಕು ಅಂತ 1916ರಲ್ಲೇ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಕಟ್ಟಿದವರಲ್ಲಿ ಮುಖ್ಯನಾದವನು. ಅಂಥವನು ಇಲ್ಲಿ ಗರಿ ಸಿಕ್ಕಿಸಿಕೊಂಡು, ಒಬ್ಬ ಬಿಳಿ ಹುಡುಗಿಗೆ ಬದಲು ನಮ್ಮ ಆರು ಹೆಣ್ಣುಗಳನ್ನ ಕೊಡ್ತೀನಿ ಅನ್ನಬೇಕು! ಹೊಟ್ಟೆಪಾಡು. ಆದರೂ ಅವನ ಗತ್ತು ನೋಡಿ, ರಾಜನೇ.

ಅದೇ ವರ್ಷದ ಡಿಸೆಂಬರ್‌ನಲ್ಲಿ 'ಸನ್ ಆಫ್ ಕಾಂಗ್' ಬಂತು. ಡೆನ್‌ಹ್ಯಾಮ್ ಮತ್ತೆ ದ್ವೀಪಕ್ಕೆ ಹೋದರೆ ಊರವರು ಇಳಿಯೋಕೇ ಬಿಡೋದಿಲ್ಲ. ಬಿಡ್ತಾರಾ ಮತ್ತೆ? ಕೊನೆಗೆ ಭೂಕಂಪ ಆಗಿ ದ್ವೀಪ ಪೂರ್ತಿ ಮುಳುಗುತ್ತೆ. ಡೆನ್‌ಹ್ಯಾಮ್‌ನನ್ನ ಮರಿ ಕಾಂಗ್ ಕೈಲೆತ್ತಿ ಹಿಡಿದು ಉಳಿಸುತ್ತೆ. ಊರವರನ್ನ ಎತ್ತಿ ಹಿಡಿಯೋಕೆ ಯಾರೂ ಇಲ್ಲ.

1976ರದ್ದು ನಿಮ್ಮಲ್ಲಿ ಹಲವರು ಬಲ್ಲಿರಿ, ಜೆಸ್ಸಿಕಾ ಲ್ಯಾಂಗ್‌ಳ ಮೊದಲ ಚಿತ್ರ. ಎಣ್ಣೆ ಹುಡುಕಿಕೊಂಡು ಬಂದ ಕಂಪನಿ, ಎಣ್ಣೆ ಉಪಯೋಗಕ್ಕಿಲ್ಲ ಅಂತ ಗೊತ್ತಾದಾಗ ಕಾಂಗನ್ನೇ ಟ್ಯಾಂಕರ್ ಹಡಗಿಗೆ ತುಂಬಿತು. ಈ ಚಿತ್ರವನ್ನ ಬೈಯೋರು ಬಹಳ. ನಾನು ಬೈಯೋದಿಲ್ಲ. ಯಾಕಂದ್ರೆ ಇದರಲ್ಲಿ ಜೆಫ್ ಬ್ರಿಡ್ಜಸ್ ಒಂದು ಮಾತು ಎತ್ತುತ್ತಾನೆ: ನಾವು ಒಯ್ದದ್ದು ಅವರ ದೇವರನ್ನ, ಇನ್ನು ಆ ಜನ ಕುಡಿದು ಹಾಳಾಗ್ತಾರೆ ಅಂತ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಊರವರ ಗತಿ ಏನು ಅಂತ 43 ವರ್ಷದ ಮೇಲೆ ಒಬ್ಬನಾದರೂ ಕೇಳಿದನಲ್ಲ!

2005ರಲ್ಲಿ ಪೀಟರ್ ಜಾಕ್ಸನ್ ದುಡ್ಡು ಸುರಿದು ಕಾಡು ಬೆಳೆಸಿದ, ಊರವರನ್ನ ಮಾತ್ರ ಇನ್ನೂ ಭೀಕರ ಮಾಡಿಟ್ಟ. ನನಗೆ ಹಿಡಿಸಲಿಲ್ಲ. 2017ರ 'ಕಾಂಗ್: ಸ್ಕಲ್ ಐಲ್ಯಾಂಡ್' ಪರವಾಗಿಲ್ಲ. ವಿಯೆಟ್ನಾಂನ ಬೆಟ್ಟಗಳಲ್ಲಿ ಚಿತ್ರೀಕರಿಸಿದ್ದು, ಅಲ್ಲಿ ಊರವರು ಶಾಂತವಾಗಿದ್ದಾರೆ, ಬಾಂಬು ಹಾಕಿಕೊಂಡು ಬರೋರು ಹೊರಗಿನವರು. ಆದರೇನು, 2021ರ ಚಿತ್ರಕ್ಕೆ ಬರೋಷ್ಟರಲ್ಲಿ ಬಿರುಗಾಳಿ ದ್ವೀಪವನ್ನ ನುಂಗಿತ್ತು. ಕಾಂಗ್ ಪಕ್ಕದಲ್ಲಿ ಉಳಿದದ್ದು ಜಿಯಾ ಅನ್ನೋ ಒಂದು ಕಿವುಡು ಹುಡುಗಿ.

ಕಾರ್ಡು ಬರೆದ ತಮ್ಮಾ, ಯಾರ ಶಾಪ ಅಂತ ನೀನೇ ಹೇಳು. ಅಂದ ಹಾಗೆ ಆ ದೊಡ್ಡ ಗೋಡೆ ಏನಾಯ್ತು ಅಂತ ನೀನು ಕೇಳಲಿಲ್ಲ. ಅದು ಮೊದಲು 1927ರ 'ಕಿಂಗ್ ಆಫ್ ಕಿಂಗ್ಸ್' ಚಿತ್ರದ ಸೆಟ್ಟು, ಕಾಂಗ್‌ಗಾಗಿ ಅದನ್ನೇ ಮಾರ್ಪಡಿಸಿದ್ದು. 1938ರ ಡಿಸೆಂಬರ್‌ನ ಒಂದು ರಾತ್ರಿ ಅದಕ್ಕೆ ಬೆಂಕಿ ಇಟ್ಟರು, 'ಗಾನ್ ವಿತ್ ದ ವಿಂಡ್' ಚಿತ್ರದಲ್ಲಿ ಅಟ್ಲಾಂಟಾ ಊರು ಉರಿಯೋ ದೃಶ್ಯಕ್ಕೆ. ಇನ್ನೊಮ್ಮೆ ಆ ಚಿತ್ರ ನೋಡಿದಾಗ ಕುದುರೆ ಗಾಡಿ ಮೇಲೆ ಕಣ್ಣಿಡಬೇಡ, ಹಿಂದೆ ಉರಿದು ಬೀಳೋದನ್ನ ನೋಡು.