ಬ್ರಿಜ್‌ನಲ್ಲಿ 420 ಅಂದ್ರೆ ಒಳ್ಳೆ ಮಾತು

ನಮ್ಮ ಚಡಚಣದ ಕಡೆ ‘ಆ ಹುಡುಗ ಎಲಿ ಆಡ್ತಾನ’ ಅಂತ ಯಾರಾದ್ರೂ ಹೇಳಿದರೆ ಅದು ಹವ್ಯಾಸದ ಸುದ್ದಿ ಅಲ್ಲ, ದೂರು. ಹೆಣ್ಣು ಕೊಡೋರು ಇನ್ನೊಂದು ಸಲ ವಿಚಾರ ಮಾಡ್ತಾರೆ. ಎಲೆ ಅಂದ್ರೆ ಅಂದರ್-ಬಾಹರ್, ಅಂದರ್-ಬಾಹರ್ ಅಂದ್ರೆ ರೊಕ್ಕ, ರೊಕ್ಕ ಅಂದ್ರೆ ಒಂದಿನ ಪೊಲೀಸ್ ಜೀಪು. ಈ ಭಯ ಸುಳ್ಳೇನಲ್ಲ. ಊರಲ್ಲಿ ಗಿಡದ ಕೆಳಗೆ ಕೂತು ಆಡುತ್ತಿದ್ದದ್ದು ಆಮೇಲೆ ಮೊಬೈಲಿಗೆ ಬಂತು, ಸಂಬಳ ಬಂದ ರಾತ್ರಿಯೇ ರಮ್ಮಿ ಆ್ಯಪ್‌ಗೆ ಸುರಿದು ಕೂತ ಸಹೋದ್ಯೋಗಿಗಳನ್ನು ನಾನೂ ನೋಡಿದ್ದೀನಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿದಾಗ ನನಗಂತೂ ಬೇಜಾರಾಗಲಿಲ್ಲ.

ಆದರೆ ಆಡುವವರ ಕಡೆಯಿಂದ ಒಂದು ಮಾತು ಯಾವಾಗಲೂ ಬರ್ತದೆ. ನಮ್ಮ ಕಾಕಾ ಒಬ್ಬರು ಹೇಳೋ ಹಾಗೆ, “ರೊಕ್ಕ ಇಲ್ದ ಎಲಿ ಆಡೋದಂದ್ರ ಖಾರ ಇಲ್ದ ಝುಣಕಾ ತಿಂದಂಗ, ತಮ್ಮಾ.” ತೀನ್ ಪತ್ತಿಗೆ ಈ ಮಾತು ನೂರಕ್ಕೆ ನೂರು ನಿಜ. ರೊಕ್ಕ ತೆಗೆದರೆ ಅಲ್ಲಿ ಉಳಿಯೋದು ಮೂರು ಎಲೆ ತಿರುವಿ ನೋಡೋದು ಅಷ್ಟೇ. ರಮ್ಮಿ ಸ್ವಲ್ಪ ವಾಸಿ, ಆದರೂ ನಾಲ್ಕು ಆಟದ ಮೇಲೆ ಆಕಳಿಕೆ ಬರ್ತದೆ. ಬ್ರಿಜ್ ಹಾಗಲ್ಲ. ಒಂದು ಪೈಸೆ ಕಟ್ಟದೆ ಎದೆ ಡವಡವ ಅನ್ನೋ ಹಾಗೆ ಮಾಡೋ ಆಟ ಅದು. ಆ ಖಾರ ಎಲ್ಲಿಂದ ಬರ್ತದೆ ಅಂದ್ರೆ ಅದರ ಅಂಕಪಟ್ಟಿಯಿಂದ. ಹೊಸಬರು ‘ಆಟ ಓಕೆ, ಸ್ಕೋರಿಂಗ್ ಮಾತ್ರ ತಲೆಗೆ ಹತ್ತಲ್ಲ’ ಅಂತ ಬಿಟ್ಟು ಹೋಗೋದೂ ಅಲ್ಲೇ. ಹಾಗಾಗಿ ಈ ಸಲ ಬರೀ ಲೆಕ್ಕ.

ಮೆಂಡಿಕೋಟ್ ಆಡಿದ್ದೀರಾ? ಹಾಗಾದ್ರೆ ಅರ್ಧ ಬ್ರಿಜ್ ಬಂದ ಹಾಗೇ. ನಾಲ್ಕು ಜನ, ಎದುರಿಗೆ ಕೂತವರು ಪಾರ್ಟ್ನರ್, ತಲಾ 13 ಎಲೆ. ಇಳಿದ ಬಣ್ಣ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಹುಕುಂನಿಂದ ಕಡಿಯಬಹುದು. ನಾಲ್ವರೂ ಒಂದೊಂದು ಎಲೆ ಹಾಕಿದ ಮೇಲೆ ದೊಡ್ಡ ಎಲೆಯವರು ಗೆದ್ದರೆ ಅದು ಒಂದು ಟ್ರಿಕ್. ಒಟ್ಟು 13 ಟ್ರಿಕ್. ಇಷ್ಟೆಲ್ಲ ಎರಡರಲ್ಲೂ ಒಂದೇ. ಮೆಂಡಿಕೋಟ್‌ನಲ್ಲಿ ನಾಲ್ಕು ಹತ್ತರ ಎಲೆ ಯಾರ ಪಾಲಿಗೆ ಬಂತು ಅಂತ ನೋಡ್ತೀವಿ, ಬ್ರಿಜ್‌ನಲ್ಲಿ ಹತ್ತಕ್ಕೆ ಆ ಮರ್ಯಾದೆ ಇಲ್ಲ, ಬರೀ ಟ್ರಿಕ್ ಎಣಿಕೆ. ಇನ್ನು ಹಾಸ್ಟೆಲ್‌ನಲ್ಲಿ ‘ಜಡ್ಜ್‌ಮೆಂಟ್’ ಆಡಿದವರಿಗೆ ಉಳಿದರ್ಧವೂ ಗೊತ್ತು: ಎಷ್ಟು ಗೆಲ್ತೀನಿ ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು.

ಬ್ರಿಜ್‌ನಲ್ಲಿ ಆ ಹೇಳುವಿಕೆ ಲಿಲಾವಿನ ಥರ ನಡೀತದೆ. ವಿಜಯಪುರ ಎಪಿಎಂಸಿಯಲ್ಲಿ ಒಣದ್ರಾಕ್ಷಿ ಲಿಲಾವು ನೋಡಿದ್ದರೆ ಅದನ್ನೇ ನೆನಪಿಸಿಕೊಳ್ಳಿ, ಒಬ್ಬರಿಗಿಂತ ಒಬ್ಬರು ಸವಾಲು ಏರಿಸ್ತಾ ಹೋಗಬೇಕು. ಬಣ್ಣಗಳಿಗೂ ಮೇಲು-ಕೆಳಗು ಇದೆ. ಎಲ್ಲಕ್ಕಿಂತ ಕೆಳಗೆ ಕಿಲ್ವರ, ಆಮೇಲೆ ಚೌಕಟ, ಬದಾಮ, ಇಸ್ಪಿಕ್, ಎಲ್ಲಕ್ಕಿಂತ ಮೇಲೆ ‘ನೋ ಟ್ರಂಪ್’, ಅಂದರೆ ಹುಕುಂ ಇಲ್ಲದ ಆಟ. (ಗಡಿಯಾಚೆಯ ಮರಾಠಿ ಹೆಸರುಗಳೇ ನಮ್ಮ ಕಡೆ ಓಡೋದು. ಮೈಸೂರು ಕಡೆಯವರು ಕಳಾವರ್, ಡೈಮನ್, ಆಟೀನು, ಇಸ್ಪೀಟು ಅಂತ ಓದಿಕೊಳ್ಳಿ.) ಮೊದಲ 6 ಟ್ರಿಕ್ ಲೆಕ್ಕಕ್ಕೇ ಬರಲ್ಲ. ‘4 ಬದಾಮ’ ಅಂತ ಕೂಗಿದರೆ 6ರ ಮೇಲೆ 4, ಒಟ್ಟು 10 ಟ್ರಿಕ್ ಗೆಲ್ತೀವಿ, ಬದಾಮ ಹುಕುಂ ಅಂತ ಅರ್ಥ. ಅದರ ಮೇಲೆ ಮೂವರೂ ಪಾಸ್ ಅಂದ್ರೆ ಅದೇ ನಿಮ್ಮ ಕಾಂಟ್ರಾಕ್ಟ್.

ಈಗ ಅಂಕ. ಕಿಲ್ವರ, ಚೌಕಟಕ್ಕೆ ಟ್ರಿಕ್‌ಗೆ 20. ಬದಾಮ, ಇಸ್ಪಿಕ್‌ಗೆ 30. ನೋ ಟ್ರಂಪ್‌ನಲ್ಲಿ ಮೊದಲನೆಯದಕ್ಕೆ 40, ಉಳಿದವಕ್ಕೆ ತಲಾ 30. ಇದು 6ರ ಮೇಲಿನ ಟ್ರಿಕ್‌ಗಳಿಗೆ ಮಾತ್ರ. ನೀವು ಕೂಗಿದ ಟ್ರಿಕ್‌ಗಳ ಅಂಕ 100 ಮುಟ್ಟಿದರೆ ಅದು ‘ಗೇಮ್’, 300 ಬೋನಸ್. ಮುಟ್ಟದಿದ್ದರೆ ಸಮಾಧಾನಕ್ಕೆ 50.

‘ಕೂಗಿದ’ ಅನ್ನೋ ಪದ ಇನ್ನೊಂದು ಸಲ ಓದಿ. ಖಾರ ಇರೋದು ಅಲ್ಲೇ.

ನೀವು 2 ಬದಾಮ ಕೂಗಿದಿರಿ, 8 ಟ್ರಿಕ್ ಬೇಕಿತ್ತು. ಎಲೆ ಚೆನ್ನಾಗಿ ಬಿದ್ದು 10 ಟ್ರಿಕ್ ಬಂತು. ನಾಲ್ಕು ಮೂವತ್ತಲೇ 120, ಜೊತೆಗೆ 50, ಒಟ್ಟು 170. ಪಕ್ಕದ ಟೇಬಲ್‌ನಲ್ಲಿ ಇವೇ ಎಲೆ ಹಿಡಿದವರು 4 ಬದಾಮ ಕೂಗಿ ಅದೇ 10 ಟ್ರಿಕ್ ತಂದರು. ಅವರಿಗೆ 120, ಜೊತೆಗೆ 300, ಒಟ್ಟು 420. ಎಲೆ ಅವೇ, ಟ್ರಿಕ್ ಅಷ್ಟೇ, ಆದರೆ 250 ಅಂಕ ಹೆಚ್ಚು. ಆ 250 ಆಡಿದ್ದಕ್ಕೆ ಬಂದದ್ದಲ್ಲ, ಆಡುವ ಮುಂಚೆ ಧೈರ್ಯವಾಗಿ ಹೇಳಿದ್ದಕ್ಕೆ ಬಂದದ್ದು. ಹಾಗಂತ ಸುಮ್ಮನೆ ಕೂಗಿ 9 ಟ್ರಿಕ್ ಮಾತ್ರ ತಂದಿದ್ದರೆ ಮೈನಸ್ 50. ಎದುರಿನವರ ಖಾತೆಗೆ ಜಮಾ.

ಅಂದಹಾಗೆ, ನಮ್ಮ ದೇಶದಲ್ಲಿ 420 ಅಂದ್ರೆ ಮೋಸಗಾರ. ಹಳೇ ದಂಡಸಂಹಿತೆಯ ಕಲಂ 2024ರಲ್ಲಿ ಹೋದರೂ ಬೈಗುಳ ಹೋಗಿಲ್ಲ. ಬ್ರಿಜ್ ಟೇಬಲ್‌ನಲ್ಲಿ ಮಾತ್ರ 420 ಅಂದ್ರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ತೋರಿಸಿದವರ ಅಂಕ. ನನಗೆ ಇದು ಇವತ್ತಿಗೂ ನಗು ತರಿಸ್ತದೆ.

ಈ ಲೆಕ್ಕ ಆಕಾಶದಿಂದ ಇಳಿದದ್ದಲ್ಲ. ಇದಕ್ಕೂ ಮುಂಚಿನ ಆಕ್ಷನ್ ಬ್ರಿಜ್‌ನಲ್ಲಿ ಕಮ್ಮಿ ಕೂಗಿ ಜಾಸ್ತಿ ಗೆದ್ದರೂ ಗೇಮ್ ಸಿಗುತ್ತಿತ್ತು. ಹಾಗಾದ್ರೆ ಯಾರು ತಾನೇ ಮೇಲೆ ಕೂಗ್ತಾರೆ? 1925ರ ಶರತ್ಕಾಲದಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಅನ್ನೋ ಅಮೆರಿಕದ ಶ್ರೀಮಂತ ಲಾಸ್ ಏಂಜಲೀಸ್‌ನಿಂದ ಪನಾಮಾ ಕಾಲುವೆ ದಾಟಿ ಹವಾನಾಗೆ ‘ಫಿನ್‌ಲೆಂಡ್’ ಅನ್ನೋ ಹಡಗಿನಲ್ಲಿ ಹೊರಟಿದ್ದ. ಜೊತೆಗೆ ಆಡೋಕೆ ಮೂವರು ಗೆಳೆಯರು. ಕೂಗಿದ್ದಕ್ಕೆ ಮಾತ್ರ ಗೇಮ್ ಅನ್ನೋ ತತ್ವವನ್ನು ಫ್ರೆಂಚರ ಪ್ಲಾಫೊಂ ಆಟದಿಂದ ತಗೊಂಡು, ತನ್ನದೇ ಅಂಕಪಟ್ಟಿ ಸೇರಿಸಿ, ಹಡಗಿನಲ್ಲೇ ಆಡಿ ನೋಡಿದ. ಇವತ್ತು ಜಗತ್ತೆಲ್ಲ ಆಡುವ ಕಾಂಟ್ರಾಕ್ಟ್ ಬ್ರಿಜ್ ಅದೇ. ಗಮನಿಸಿ, ಆತ ಆಟದ ನಿಯಮ ಮುಟ್ಟಲಿಲ್ಲ, ಬರೀ ಸ್ಕೋರಿಂಗ್ ಬದಲಿಸಿದ. ಆಟವೇ ಬೇರೆ ಆಯ್ತು. ಆಫೀಸಿನಲ್ಲಿ ಅಪ್ರೈಸಲ್ ಮಾನದಂಡ ಬದಲಾದಾಗ ಜನ ಕೆಲಸ ಮಾಡೋ ರೀತಿಯೇ ಬದಲಾಗೋದನ್ನು ನೋಡಿದವರಿಗೆ ಇದೇನು ಆಶ್ಚರ್ಯ ಅಲ್ಲ.

ಅದೇ ಹಡಗಿನಲ್ಲಿ ಸಹಪ್ರಯಾಣಿಕ ಯುವತಿಯೊಬ್ಬಳು ಒಂದು ಪದ ಸೂಚಿಸಿದಳಂತೆ: ವಲ್ನರಬಲ್. ಅವಳ ಹೆಸರು ಯಾರಿಗೂ ನೆನಪುಳಿಯಲಿಲ್ಲ, ಪದ ಉಳೀತು. ಕೆಲವು ಆಟಗಳಲ್ಲಿ ನಿಮ್ಮ ಜೋಡಿ ವಲ್ನರಬಲ್ ಆಗಿರ್ತದೆ. ಯಾವ ಆಟದಲ್ಲಿ ಯಾರು ಅನ್ನೋದು ಎಲೆ ಇಟ್ಟ ಪೆಟ್ಟಿಗೆ ಮೇಲೇ ಬರೆದಿರ್ತದೆ. ಆಗ ಲಾಭವೂ ದುಬಾರಿ, ನಷ್ಟವೂ ದುಬಾರಿ. ಗೇಮ್ ಬೋನಸ್ 300ರ ಬದಲು 500, ಕಮ್ಮಿ ಬಿದ್ದ ಪ್ರತಿ ಟ್ರಿಕ್‌ಗೆ 50ರ ಬದಲು 100. ಮೇಲಿನ 420 ಈಗ 620 ಆಗ್ತದೆ.

ಇನ್ನೂ ಮೇಲೆ ಹೋಗುವ ಆಸೆ ಇದ್ದವರಿಗೆ ಸ್ಲ್ಯಾಮ್ ಇದೆ. 12 ಟ್ರಿಕ್ ಕೂಗಿ ತಂದರೆ ಗೇಮ್ ಬೋನಸ್ ಜೊತೆಗೆ 500, ವಲ್ನರಬಲ್ ಆದ್ರೆ 750. ಹದಿಮೂರಕ್ಕೆ ಹದಿಮೂರೂ ಆದ್ರೆ 1000, ಇಲ್ಲವೇ 1500. ವರ್ಷಕ್ಕೆ ನಾಲ್ಕು ಸಲ ಬಂದರೆ ಪುಣ್ಯ, ಅದರ ಚಿಂತೆ ಈಗ ಬೇಡ.

ಹೊಸಬರು ಹೆದರೋದು ಡಬಲ್‌ಗೆ. ಎದುರಿನವರು ‘ನಿಮ್ಮ ಕೈಲಿ ಆಗಲ್ಲ’ ಅನ್ನೋದಕ್ಕೆ ಡಬಲ್ ಅಂತಾರೆ. ಸೋತರೆ ದಂಡ ಏರ್ತಾ ಹೋಗ್ತದೆ: ವಲ್ನರಬಲ್ ಅಲ್ಲದಿದ್ದರೆ 1 ಟ್ರಿಕ್ ಕಮ್ಮಿಗೆ 100, 2ಕ್ಕೆ 300, 3ಕ್ಕೆ 500, 4ಕ್ಕೆ 800. ವಲ್ನರಬಲ್ ಆದ್ರೆ 200, 500, 800 ಹೀಗೆ. ಆದರೆ ಇದರಲ್ಲೊಂದು ಚಂದದ ಸಂದಿ ಇದೆ. ಎದುರಿನವರು ವಲ್ನರಬಲ್, 4 ಇಸ್ಪಿಕ್ ಕೂಗಿದ್ದಾರೆ, ಖಂಡಿತ ಗೆಲ್ತಾರೆ ಅಂತ ನಿಮಗೆ ಕಾಣ್ತಿದೆ. ಬಿಟ್ಟರೆ ಅವರಿಗೆ 620. ನೀವು ವಲ್ನರಬಲ್ ಅಲ್ಲ, ಬೇಕಂತಲೇ 5 ಚೌಕಟ ಕೂಗಿ, ಡಬಲ್ ತಿಂದು, 3 ಟ್ರಿಕ್ ಕಮ್ಮಿ ಬಿದ್ದರೆ ಹೋಗೋದು 500 ಮಾತ್ರ. ಸೋತು 120 ಉಳಿಸಿದಿರಿ! ಬೆಳೆ ಪೂರ್ತಿ ಒಣಗುವ ಮುಂಚೆ ಮೇವಿಗೆ ಕೊಯ್ದುಕೊಂಡ ಹಾಗೆ. ಅಂಕಪಟ್ಟಿ ಬಾಯಿಗೆ ಬರದವರಿಗೆ ಈ ಆಟ ಕಾಣೋದೇ ಇಲ್ಲ.

‘ಸರಿ, ಆದರೆ ಒಳ್ಳೆ ಎಲೆ ಬಂದವರೇ ಗೆಲ್ತಾರಲ್ವಾ?’ ಅಂತ ಕೇಳಬಹುದು. ಮನೆಯಲ್ಲಿ ನಾಲ್ಕೇ ಜನ ಆಡಿದರೆ ಹೌದು, ಸ್ವಲ್ಪ ಮಟ್ಟಿಗೆ. 1967ರಲ್ಲಿ ರಮ್ಮಿ ಕೌಶಲದ ಆಟ ಅಂತ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಕೂಡ, ಅದರಲ್ಲಿರುವ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಅಂದಿತ್ತು. ಆದರೆ ಸ್ಪರ್ಧೆಯ ಬ್ರಿಜ್‌ನಲ್ಲಿ ಆ ಹಂಚಿಕೆಯ ಅದೃಷ್ಟವನ್ನೂ ತೆಗೆದುಹಾಕ್ತಾರೆ. ಒಂದು ಟೇಬಲ್‌ನಲ್ಲಿ ಆಡಿದ ಎಲೆಗಳನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು ಮುಂದಿನ ಟೇಬಲ್‌ಗೆ ಕಳಿಸ್ತಾರೆ. ನಿಮ್ಮ ಎಲೆಗಳನ್ನೇ ಬೇರೆಯವರೂ ಆಡ್ತಾರೆ, ಹೋಲಿಕೆ ಅವರ ಜೊತೆ. ಐದು ಟೇಬಲ್ ಅಂತಿಟ್ಟುಕೊಳ್ಳಿ. ಒಂದೇ ಎಲೆಯಲ್ಲಿ ಬಂದದ್ದು 420, 420, 170, 170, ಮೈನಸ್ 50. ನೀವು ಹಿಂದೆ ಹಾಕಿದ ಪ್ರತಿ ಜೋಡಿಗೆ 2, ಸಮವಾದ ಜೋಡಿಗೆ 1. ಹಾಗಾದ್ರೆ 420ಕ್ಕೆ 7, 170ಕ್ಕೆ 3, ಮೈನಸ್ 50ಕ್ಕೆ ಸೊನ್ನೆ. ದರಿದ್ರ ಎಲೆ ಬಂದಾಗ ಎಲ್ಲರೂ 620 ಕಳಕೊಂಡು ನೀವು 500 ಮಾತ್ರ ಕಳಕೊಂಡರೆ, ಆ ಮೈನಸ್ 500ಕ್ಕೇ ಪೂರ್ತಿ 8. ಕೆಟ್ಟ ಎಲೆ ಬಂತು ಅಂತ ಹಣೆಬರಹ ಬೈಯೋಕೆ ಅವಕಾಶವೇ ಇಲ್ಲ.

ತಂಡಗಳ ನಡುವೆ ಆಡುವಾಗ ಇನ್ನೊಂದು ಥರ. ಎರಡು ಟೇಬಲ್‌ಗಳ ವ್ಯತ್ಯಾಸವನ್ನು ‘ಇಂಪ್’ ಅನ್ನೋ ಸಣ್ಣ ಅಳತೆಗೆ ಇಳಿಸ್ತಾರೆ. 240ರ ವ್ಯತ್ಯಾಸಕ್ಕೆ 6 ಇಂಪ್, 450ಕ್ಕೆ 10. ನಮ್ಮಂಥ ಇಂಜಿನಿಯರ್‌ಗಳಿಗೆ ಇಲ್ಲೊಂದು ಹಬ್ಬ ಇದೆ. ನೀವು ವಲ್ನರಬಲ್, ಬದಾಮದಲ್ಲಿ 9 ಟ್ರಿಕ್ ಬರ್ತದೋ 10 ಬರ್ತದೋ ಗೊತ್ತಿಲ್ಲ, ಆ ಟೇಬಲ್‌ನವರು 2 ಬದಾಮಕ್ಕೆ ನಿಂತಿದ್ದಾರೆ. ನೀವು 4 ಕೂಗಿ ಗೆದ್ದರೆ 620ಕ್ಕೆ ಎದುರು 170, ಅಂದರೆ 10 ಇಂಪ್ ಲಾಭ. ಸೋತರೆ ನಿಮಗೆ ಮೈನಸ್ 100, ಅವರಿಗೆ 140, ಅಂದರೆ 6 ಇಂಪ್ ನಷ್ಟ. 16ರಲ್ಲಿ 6, ಅಂದ್ರೆ ಗೆಲ್ಲುವ ಸಾಧ್ಯತೆ ನೂರಕ್ಕೆ ಮೂವತ್ತೆಂಟರಷ್ಟಿದ್ದರೂ ಕೂಗೋದೇ ಸರಿ. ಅರ್ಧಕ್ಕಿಂತ ಹೆಚ್ಚು ಸಲ ಸೋತರೂ ಕೊನೆಗೆ ನೀವೇ ಮುಂದೆ.

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಮೊದಲ ಸಲ ಬಂದಾಗ ಪುರುಷರ ಜೋಡಿ ಚಿನ್ನ ಗೆದ್ದದ್ದು ನಮ್ಮವರೇ. 60 ವರ್ಷದ ಪ್ರಣಬ್ ಬರ್ಧನ್, 56ರ ಶಿಬನಾಥ್ ಸರ್ಕಾರ್. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಪುರುಷರ ತಂಡಕ್ಕೆ ಬೆಳ್ಳಿ. ನಮ್ಮ ರಾಜ್ಯದಲ್ಲಿ ಆಟ ಬಹುಪಾಲು ಬೆಂಗಳೂರಿನ ಕ್ಲಬ್‌ಗಳಲ್ಲೇ ಇದೆ, ಕರ್ನಾಟಕ ರಾಜ್ಯ ಬ್ರಿಜ್ ಸಂಸ್ಥೆಯೂ ಅಲ್ಲೇ. ಇಂಡಿ, ಸಿಂದಗಿ ಕಡೆ ಕಲಿಸೋ ಕ್ಲಬ್ ಹುಡುಕ್ತಾ ಕೂರಬೇಡಿ. ಫೋನಿನಲ್ಲಿ ‘ಬ್ರಿಜ್ ಬೇಸ್ ಆನ್‌ಲೈನ್’ ಇದೆ, ರೊಕ್ಕ ಕಟ್ಟದೆ ಆಡಬಹುದು, ಅಂಕ ಅದೇ ಹಾಕ್ತದೆ. ಆದರೆ ಮೊದಲ ಒಂದು ತಿಂಗಳು ಪ್ರತಿ ಆಟದ ಅಂಕ ನೀವೇ ಕೈಯಲ್ಲಿ ಹಾಕಿ, ಆಮೇಲೆ ಅದರ ಜೊತೆ ತಾಳೆ ನೋಡಿ.

ಶುರುವಿಗೆ ಒಂದು: ವಲ್ನರಬಲ್ ಇದ್ದು 4 ಬದಾಮ ಕೂಗಿದಿರಿ, ಎದುರಿನವರು ಡಬಲ್ ಅಂದರು, ನೀವು 11 ಟ್ರಿಕ್ ತಂದಿರಿ. 120ರ ಎರಡು ಪಟ್ಟು 240, ಗೇಮ್‌ಗೆ 500, ಡಬಲ್ ಅಂದವರ ಮುಂದೆ ಗೆದ್ದದ್ದಕ್ಕೆ 50, ಹೆಚ್ಚಿನ ಒಂದು ಟ್ರಿಕ್‌ಗೆ 200. ಒಟ್ಟು 990. ಅದೇ ಆಟ ವಲ್ನರಬಲ್ ಇಲ್ಲದಿದ್ದರೆ ಎಷ್ಟು? ಹೆಚ್ಚಿನ ಟ್ರಿಕ್‌ಗೆ ಆಗ 100 ಮಾತ್ರ. ಉಳಿದದ್ದು ಮೇಲೆಯೇ ಇದೆ.