ಗಡ್ಡೆಗೆ ಗರ್ಭಕೋಶವೇ ಬಲಿಯಾಗಬೇಕೆ?



ಬೆಳೆಸಾಲದ ಲೆಕ್ಕ ನಮಗೆಲ್ಲ ಬಾಯಿಪಾಠ. ಗೊಬ್ಬರಕ್ಕೆಷ್ಟು, ಬೀಜಕ್ಕೆಷ್ಟು, ಸೊಸೈಟಿ ಬಡ್ಡಿ ಎಷ್ಟು ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೀವಿ. ಆದರೆ ಆಸ್ಪತ್ರೆ ಸಾಲದ ಮಾತು ಬಂದರೆ ಬಾಯಿ ಕಟ್ಟುತ್ತದೆ. ಅದರಲ್ಲೂ ಮನೆ ಹೆಂಗಸಿನ ಗರ್ಭಕೋಶ ತೆಗೆಸೋದಕ್ಕೆ ಮಾಡಿದ ಸಾಲವಾದರೆ ನಾಚಿಕೆ. ಈ ನಾಚಿಕೆಯೇ ಸಾಲಕ್ಕೂ ದಾರಿ, ಮೋಸಕ್ಕೂ ದಾರಿ.

ಕಲಬುರಗಿ ಜಿಲ್ಲೆಯಲ್ಲಿ ಏನಾಯಿತು ನೋಡಿ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಖಾಸಗಿ ಆಸ್ಪತ್ರೆಗಳಲ್ಲಿ ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿ ಗರ್ಭಕೋಶ ತೆಗೆದರು. 2015ರಲ್ಲಿ ಸರ್ಕಾರವೇ ತನಿಖೆ ಮಾಡಿಸಿತು. ಬೆಳಕಿಗೆ ಬಂದ ಪ್ರಕರಣಗಳು 2 ಸಾವಿರಕ್ಕೂ ಮೇಲೆ. ನ್ಯಾಯ ಕೇಳಿ ಆ ಹೆಂಗಸರು 2017ರಲ್ಲಿ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂರಬೇಕಾಯಿತು.

ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ಸರ್ವೆ ಮಾಡಿದಾಗ 13,861 ಜನರಿಗೆ ಗರ್ಭಕೋಶ ಇರಲಿಲ್ಲ. ಮುಟ್ಟಿನ ದಿನ ಕೆಲಸ ತಪ್ಪಿಸಿದರೆ ಮುಕಾದಮನ ದಂಡ. ಆ ಜಿಲ್ಲೆಯ ಕಾರ್ಮಿಕರು ನಮ್ಮ ಬೆಳಗಾವಿ ಕಡೆಯ ಕಬ್ಬಿನ ಗದ್ದೆಗಳಿಗೂ ಬರುತ್ತಾರೆ. ಕಬ್ಬಿನ ಬೆಲೆಗೆ ಹೋರಾಡುವ ನಾವು, ಆ ಕಬ್ಬು ಕಡಿದವಳು ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತಗೋಬೇಕು.

ಈಗ ರೋಗದ ಮಾತು. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ. ಬಹಳ ಹೆಂಗಸರಲ್ಲಿ ಇರುತ್ತದೆ, ಎಷ್ಟೋ ಜನಕ್ಕೆ ಗೊತ್ತೇ ಆಗೋದಿಲ್ಲ. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿರುವುದು ಅತಿ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಂಡಿತು ಅನ್ನುವ ಒಂದೇ ಕಾರಣಕ್ಕೆ ಕತ್ತರಿ ಹಾಕಬೇಕಿಲ್ಲ. ತೊಂದರೆ ಕೊಡದಿದ್ದರೆ ಆಗಾಗ ತೋರಿಸಿಕೊಂಡು ಸುಮ್ಮನಿರಬಹುದು.

ಮುಟ್ಟಿನ ರಕ್ತ ಜಾಸ್ತಿ ಹೋದರೆ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಇದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ. ಹಾರ್ಮೋನ್ ಇರುವ, ಕಾಪರ್-ಟಿ ತರಹ ಒಳಗೆ ಇಡುವ ಸಾಧನ ಉಂಟು. ಹಲವು ವರ್ಷ ಕೆಲಸ ಮಾಡುತ್ತದೆ. ಗರ್ಭಕೋಶ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇದೆ, ಆದರೆ ಗಡ್ಡೆ ಮತ್ತೆ ಬರಬಹುದು. ಗಡ್ಡೆಗೆ ಹೋಗುವ ರಕ್ತನಾಳವನ್ನು ಸಣ್ಣ ಕೊಳವೆಯ ಮೂಲಕ ಮುಚ್ಚುವ ಚಿಕಿತ್ಸೆ 1995ರಿಂದ ಪ್ರಪಂಚಕ್ಕೆ ಗೊತ್ತು. ಎಲ್ಲವೂ ಎಲ್ಲರಿಗೂ ಹೊಂದೋದಿಲ್ಲ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ವಯಸ್ಸೆಷ್ಟು, ಮಕ್ಕಳು ಬೇಕೋ ಬೇಡವೋ ಅನ್ನೋದರ ಮೇಲೆ ನಿಂತಿದೆ. ಕೆಲವರಿಗೆ ಗರ್ಭಕೋಶ ತೆಗೆಯೋದೇ ಸರಿಯಾಗಬಹುದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರಂತೂ ತಡಮಾಡದೆ ಡಾಕ್ಟರಿಗೆ ತೋರಿಸಲೇಬೇಕು. ನಮ್ಮ ತಕರಾರು ಆಪರೇಷನ್ ಮೇಲಲ್ಲ. ಬೇರೆ ದಾರಿ ಇದೆ ಅಂತ ಹೇಳದೇ ಮಾಡುವ ಆಪರೇಷನ್ ಮೇಲೆ. ಅಂಡಾಶಯವನ್ನೂ ಜೊತೆಗೆ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಮೈ ಬಿಸಿಯಾಗೋದು, ಮೂಳೆ ಸವೆಯೋದು ಶುರು. ಗದ್ದೆ ಕೆಲಸದವಳಿಗೆ ಮೂಳೆ ಸವೆದರೆ ಆಮೇಲೆ ಗತಿಯೇನು?

ಬೆಂಗಳೂರಿನ ಪದ್ಮನಾಭನಗರದ ಹೆಂಗಸಿಗೆ ಒಬ್ಬ ಡಾಕ್ಟರ್ ‘ತೆಗೆಸಿ’ ಅಂದರೆ ಆಟೋ ಹತ್ತಿ ಜಯನಗರದಲ್ಲಿ ಇನ್ನೊಬ್ಬರನ್ನು ಕೇಳಿ ಬರುತ್ತಾಳೆ. ನಮ್ಮ ಹಳ್ಳಿಯವಳಿಗೆ ಇನ್ನೊಬ್ಬ ಡಾಕ್ಟರ್ ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಹಾಲು ಕರೆಯೋರಿಲ್ಲ ಅನ್ನೋ ಚಿಂತೆ. ಆದ್ದರಿಂದಲೇ ಮೊದಲು ಸಿಕ್ಕವರ ಮಾತೇ ವೇದವಾಗುತ್ತದೆ. ‘ಬೇಗ ಮುಗಿಸಿಬಿಡಿ’ ಅಂತ ಅವಸರ ಮಾಡುವವರು ಎಷ್ಟೋ ಸಲ ನಾವು ಗಂಡಸರೇ.

ಒಂದು ಎಮ್ಮೆ ಕೊಳ್ಳಬೇಕಾದರೆ ಮೂರು ಸಂತೆ ತಿರುಗುತ್ತೀರಿ. ಹಲ್ಲು ನೋಡುತ್ತೀರಿ, ಕೆಚ್ಚಲು ನೋಡುತ್ತೀರಿ. ಮನೆಯಾಕೆಯ ಆಪರೇಷನ್‌ಗೆ ಒಡವೆ ಅಡ ಇಡುವ ಮೊದಲು ಇನ್ನೊಂದು ಅಭಿಪ್ರಾಯ ಕೇಳಬಾರದೆ? ಜಿಲ್ಲಾ ಆಸ್ಪತ್ರೆಗೆ ಹೋಗಿ, ಇಲ್ಲವೆ ಬೆಂಗಳೂರಿನ ವಾಣಿ ವಿಲಾಸದಂಥ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ. ಸ್ಕ್ಯಾನಿಂಗ್ ರಿಪೋರ್ಟು, ಚೀಟಿ ಎಲ್ಲ ನಿಮ್ಮ ಕೈಯಲ್ಲೇ ಇರಲಿ. ಬೇರೆ ಚಿಕಿತ್ಸೆ ಏನಿದೆ, ಅಂಡಾಶಯ ಉಳಿಸುತ್ತೀರಾ, ಆರು ತಿಂಗಳು ಕಾದರೆ ಏನಾಗುತ್ತೆ ಎಂದು ಆಕೆಯೇ ಕೇಳಲಿ. ತೀರ್ಮಾನವೂ ಆಕೆಯದೇ ಆಗಲಿ.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು. ಕಾಗದದ ಆದೇಶ ತಾನಾಗಿ ಹಳ್ಳಿಗೆ ನಡೆದು ಬರೋದಿಲ್ಲ, ಅದು ನಮಗೆ ಬೆಂಬಲ ಬೆಲೆಯ ವಿಷಯದಲ್ಲೇ ಗೊತ್ತಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಇದ್ದಾರೆಯೇ, ಸ್ಕ್ಯಾನಿಂಗ್ ನಡೆಯುತ್ತಿದೆಯೇ, ಮಾತ್ರೆ ಸಿಗುತ್ತದೆಯೇ ಎಂದು ಈ ತಿಂಗಳು ಹೋಗಿ ಕೇಳಿ. ಇಲ್ಲವೆಂದರೆ, ಮುಂದಿನ ಸಭೆಯಲ್ಲಿ ಗೊಬ್ಬರದ ಅಭಾವದ ಜೊತೆಗೆ ಇದನ್ನೂ ಬರೆಸಿ. ಆ ಸಭೆಗೆ ಹೆಂಗಸರನ್ನೂ ಕರೆತನ್ನಿ.