ಮೂರು ಲಕ್ಷದ ಘಟಕಕ್ಕೆ ಮುಂಚೆ ಎರಡಡಿಯ ಒಂದು ಟ್ಯಾಂಕ್

ತೋಟದ ವಿಚಾರಕ್ಕೆ ಫೋನ್ ಮಾಡಿದ ಹುಡುಗರೂ ಈಗೀಗ ಕೊನೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: "ಅಣ್ಣಾ, ಈ ಕಲರ್ ಮೀನಿನ ಬಿಸಿನೆಸ್ ಹೇಗೆ?" ಕಾರಣ ಗೊತ್ತಿರೋದೇ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ಅಂತ ಲೆಕ್ಕ ಹಾಕಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 60 ಸಹಾಯಧನ ಇಟ್ಟರು. ವಿಡಿಯೊ ಮಾಡೋರು ಹೇಳೋದು ಈ ಸಹಾಯಧನದ ಅಂಕಿಯನ್ನ ಮಾತ್ರ. ಶೇ. 40 ಸಿಕ್ಕರೆ ಉಳಿದ 1 ಲಕ್ಷ 80 ಸಾವಿರ ನಿಮ್ಮ ಜೇಬಿಂದು, ಇಲ್ಲಾ ಸಾಲದ್ದು. ಅದನ್ನ ಯಾರೂ ದೊಡ್ಡ ಅಕ್ಷರದಲ್ಲಿ ಹಾಕಲ್ಲ. (ಈಗಿನ ನಿಯಮ ಏನು ಅಂತ ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲೇ ಕೇಳಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ.)

ನನ್ನ ಅಭಿಪ್ರಾಯ ಇಷ್ಟೇ. ಅರ್ಜಿ ಬರೆಯೋ ಮುಂಚೆ ಆರು ತಿಂಗಳು, ಮನೆಯ ನಡುಮನೆಯಲ್ಲಿ, ಎರಡಡಿ ಉದ್ದದ ಒಂದೇ ಟ್ಯಾಂಕಿನಲ್ಲಿ, ಒಂದೇ ಜಾತಿಯ ಹತ್ತು-ಹನ್ನೆರಡು ಸಣ್ಣ ಗುಂಪು ಮೀನು ಸಾಕಿ. ಅದು ಆಗದಿದ್ದರೆ ಘಟಕವೂ ಆಗಲ್ಲ.

ಗುಂಪು ಮೀನೇ ಯಾಕೆ? ಗಪ್ಪಿ ಆಗಬಾರದಾ ಅಂತ ಕೇಳ್ತೀರಿ. ಗಪ್ಪಿ ಬಕೆಟ್‌ನಲ್ಲೂ ಬದುಕುತ್ತೆ, ಮರಿ ಹಾಕುತ್ತೆ. ನೀರು ಕೆಟ್ಟಿದ್ದರೂ ಬಹಳ ದಿನ ತಡೆದುಕೊಳ್ಳುತ್ತೆ. ನಿಮ್ಮ ನಿರ್ವಹಣೆ ಎಲ್ಲಿ ಸೋತಿದೆ ಅನ್ನೋದು ಅದರಿಂದ ಬೇಗ ಗೊತ್ತಾಗಲ್ಲ. ಗೋಲ್ಡ್ ಫಿಶ್ ದೊಡ್ಡದಾಗುತ್ತೆ, ಗಲೀಜು ಜಾಸ್ತಿ, ಎರಡಡಿ ಟ್ಯಾಂಕ್ ಅದಕ್ಕೆ ಸಾಲದು. ಸಣ್ಣ ಗುಂಪು ಮೀನು ಹಾಗಲ್ಲ. ನೀರು ಸ್ವಲ್ಪ ಹೆಚ್ಚುಕಡಿಮೆ ಆದರೂ ಬಣ್ಣ ಮಾಸುತ್ತೆ, ಮೂಲೆ ಸೇರುತ್ತೆ, ರೆಕ್ಕೆ ಮುದುರಿಕೊಳ್ಳುತ್ತೆ. ಎಲೆ ನೋಡಿ ಗಿಡಕ್ಕೆ ಏನಾಗಿದೆ ಅಂತ ಹೇಳೋದು ನಮಗೆ ಗೊತ್ತಲ್ಲ, ಮೀನಿನಲ್ಲಿ ಅದೇ ಕಣ್ಣು ಬರೋದು ಹೀಗೆ.

ಅಂಗಡಿಯಲ್ಲಿ ಮಾತ್ರ ಎಲ್ಲಾ ಮೀನನ್ನೂ ಜೋಡಿ ಲೆಕ್ಕದಲ್ಲೇ ಕೊಡ್ತಾರೆ. ಇದು ಎರಡು, ಅದು ಎರಡು, ಒಟ್ಟು ಐದು ಬಣ್ಣ, ಟ್ಯಾಂಕ್ ಚೆಂದ. ಹಿಂಡು ಬಿಟ್ಟ ಕುರಿಯನ್ನ ನೋಡಿದೀರಲ್ಲ, ಮೇವು ಮುಂದಿದ್ದರೂ ತಿನ್ನದೆ ಅರಚಿಕೊಂಡು ಓಡಾಡುತ್ತೆ. ಮೀನು ಅರಚಲ್ಲ, ಅಷ್ಟೇ ವ್ಯತ್ಯಾಸ. ಹಿಡಿಯೋ ಪ್ರಾಣಿಗೆ ಯಾವುದನ್ನ ಗುರಿ ಇಡಬೇಕು ಅಂತ ತಿಳಿಯಬಾರದು ಅಂತಲೇ ಇವು ಗುಂಪಾಗಿ ಇರೋದು. ಮೈಯ ಪಕ್ಕದಲ್ಲಿರುವ ಗೆರೆಯ ಸಂವೇದನೆಯಿಂದ ಪಕ್ಕದ ಮೀನಿನ ಚಲನೆಯನ್ನೂ ಗ್ರಹಿಸುತ್ತವೆ. ಎರಡೇ ಇದ್ದರೆ ಹೆದರಿಕೆ ಒಂದು ಕಡೆ, ಬಲವಾದದ್ದು ಇನ್ನೊಂದನ್ನ ಅಟ್ಟಿಸೋದು ಇನ್ನೊಂದು ಕಡೆ. ಟೈಗರ್ ಬಾರ್ಬ್ ಕಮ್ಮಿ ಸಂಖ್ಯೆಯಲ್ಲಿದ್ದರೆ ಬೇರೆ ಮೀನಿನ ರೆಕ್ಕೆ ಕಚ್ಚಿ ಹರಿಯುತ್ತೆ. ಹತ್ತು ಇದ್ದರೆ ಆ ಜಗಳ ಬಹುಪಾಲು ತಮ್ಮ ತಮ್ಮಲ್ಲೇ ಮುಗಿಯುತ್ತೆ. ಆರಕ್ಕಿಂತ ಕಮ್ಮಿ ಬೇಡವೇ ಬೇಡ.

ಯಾವ ಮೀನು? ಎಲ್ಲರ ಕಣ್ಣು ನಿಯಾನ್ ಟೆಟ್ರಾ ಮೇಲೆ. ನೀಲಿ ಪಟ್ಟಿ, ಕೆಂಪು ಬಾಲ, ಚೆಂದ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಮೂಲ ಅಮೆಜಾನ್ ಕಾಡಿನ ತೊರೆಗಳು. ಅಲ್ಲಿ ಮೆದು ನೀರು, ಸ್ವಲ್ಪ ಹುಳಿ ಗುಣ. ನಮ್ಮ ತಿಪಟೂರು ಕಡೆ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತೆ. ಆ ಗಡಸು ನೀರಿಗೆ ನಿಯಾನ್ ತಂದು ಬಿಡೋದು, ಮಲೆನಾಡಿನ ಏಲಕ್ಕಿಯನ್ನ ಬಯಲುಸೀಮೆಯ ಕರಲು ಭೂಮಿಗೆ ನೆಟ್ಟ ಹಾಗೆ. ಮಳೆನೀರು ಹಿಡಿದಿಟ್ಟು ಬಳಸೋರು ಮುಂದೊಂದು ದಿನ ಪ್ರಯತ್ನ ಮಾಡಬಹುದು, ಮೊದಲ ಟ್ಯಾಂಕಿಗೆ ಬೇಡ.

ನಾನು ಹೇಳೋದು ಜೀಬ್ರಾ ಡ್ಯಾನಿಯೊ. ಪೇಟೆಯಲ್ಲಿ 'ಜೀಬ್ರಾ' ಅಂದರೆ ಸಾಕು. ಇದು ನಮ್ಮ ದೇಶದ್ದೇ ಮೀನು. 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಇದನ್ನ ಮೊದಲು ವಿವರಿಸಿದ್ದು ಫ್ರಾನ್ಸಿಸ್ ಹ್ಯಾಮಿಲ್ಟನ್. ಹೆಸರು ಹೊಸದು ಅನ್ನಿಸುತ್ತಾ? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಹೊಲ-ಗದ್ದೆ, ಬೆಳೆ, ನೀರಾವರಿ ಎಲ್ಲ ಬರೆದುಕೊಂಡು ತಿರುಗಿದ ಬುಕಾನನ್ ಅಂತ ಓದಿರ್ತೀವಲ್ಲ, ಅವನೇ ಇವನು. ಹೆಸರು ಆಮೇಲೆ ಬದಲಾಯಿಸಿಕೊಂಡ. ಜೀಬ್ರಾಗೆ ಮೂರು-ನಾಲ್ಕು ಸೆಂಟಿಮೀಟರ್ ಉದ್ದ, ನಮ್ಮ ಬಿಸಿಲು, ನಮ್ಮ ನೀರು ಎರಡೂ ತಡೆಯುತ್ತೆ. ಒಂದೇ ಎಚ್ಚರಿಕೆ: ಹಾರುತ್ತೆ, ಟ್ಯಾಂಕಿಗೆ ಮುಚ್ಚಳ ಇರಲೇಬೇಕು.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ ಸುಮಾರು 50 ಲೀಟರ್ ನೀರು. ಗಾಜು, ಕಲ್ಲು ಸೇರಿದರೆ 60 ಕೆಜಿ ದಾಟುತ್ತೆ, ಟಿ.ವಿ. ಸ್ಟ್ಯಾಂಡ್ ಮೇಲೆ ಇಡಬೇಡಿ. ಬೋರ್ ನೀರನ್ನ ಡ್ರಮ್‌ನಲ್ಲಿ ಒಂದು ದಿನ ತೆರೆದಿಟ್ಟು, ಗಾಳಿ ಆಡಿಸಿ ಹಾಕಿ. ಪಂಚಾಯ್ತಿ ನಲ್ಲಿ ನೀರಾದರೆ ಕ್ಲೋರಿನ್ ಹೋಗೋಕೂ ಆ ಒಂದು ದಿನ ಬೇಕು.

ಈಗ ಮುಖ್ಯ ವಿಷಯ. ಮೀನು ತಿಂದು ಬಿಡೋದು ಅಮೋನಿಯ. ಒಂದು ಜಾತಿ ಬ್ಯಾಕ್ಟೀರಿಯ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಅದನ್ನ ನೈಟ್ರೇಟ್ ಮಾಡುತ್ತೆ. ಮೊದಲೆರಡು ಮೀನಿಗೆ ವಿಷ, ಮೂರನೆಯದು ಅಷ್ಟು ತೊಂದರೆ ಕೊಡಲ್ಲ. ನಿಮ್ಮ ಹೊಲಕ್ಕೆ ಯೂರಿಯ ಹಾಕಿದಾಗಲೂ, ಕೊಟ್ಟಿಗೆ ಗೊಬ್ಬರ ಹಾಕಿದಾಗಲೂ ಮಣ್ಣಿನಲ್ಲಿ ನಡೆಯೋದು ಇದೇ ಕೆಲಸ. ಹೊಸ ಟ್ಯಾಂಕಿನಲ್ಲಿ ಆ ಬ್ಯಾಕ್ಟೀರಿಯ ನೆಲೆಗೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು. ಅಂಗಡಿಯಲ್ಲಿ ಟ್ಯಾಂಕ್, ಮೀನು ಎರಡೂ ಒಂದೇ ದಿನ ಕೊಂಡು, ಹತ್ತು ದಿನದಲ್ಲಿ ಮೀನೆಲ್ಲ ಸತ್ತು, "ಮೀನು ಸರಿ ಇರಲಿಲ್ಲ" ಅನ್ನೋರ ಕಥೆ ಬಹುಪಾಲು ಇಷ್ಟೇ. ಖಾಲಿ ಟ್ಯಾಂಕಿನಲ್ಲಿ ಸ್ಪಾಂಜ್ ಫಿಲ್ಟರ್ ಓಡಿಸಿ, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕ್ತಾ ಕಾಯಿರಿ. ಪರೀಕ್ಷೆ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದು ನೈಟ್ರೇಟ್ ಕಾಣಿಸಿದ ಮೇಲೆ ಮೊದಲು ಆರು ಮೀನು ಬಿಡಿ, ಎರಡು ವಾರ ಬಿಟ್ಟು ಉಳಿದವು. ನಮ್ಮ ಗಡಸು ನೀರಿನವರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದಲ್ಲಿ ವಿಷವಾಗಿರುವ ಪಾಲು ಸುಮಾರು ಹತ್ತು ಪಟ್ಟಾಗುತ್ತೆ.

"ಬ್ಯಾಕ್ಟೀರಿಯ ಬೇಕು ಅಂದ್ರೆ ಒಂದು ಲೋಟ ಜೀವಾಮೃತ ಹಾಕಿದರಾಯ್ತಲ್ಲ?" ಅಂದ ಒಬ್ಬ. ಬೇಡ ಮಾರಾಯ. ಸಗಣಿ, ಗಂಜಲ ಅಂದರೆ ಅಮೋನಿಯದ ಗಣಿ.

ಸ್ಪಾಂಜ್ ತೊಳೆಯೋದು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ, ನಲ್ಲಿ ಕೆಳಗಲ್ಲ. ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ ಆಹಾರ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರು ಹಿತ್ತಲ ಸೊಪ್ಪಿಗೆ ಹಾಕಿ, ನೈಟ್ರೇಟ್ ಇರುತ್ತಲ್ಲ. ಕರೆಂಟ್ ಹೋದರೆ ಒಂದು ಮಗ್‌ನಿಂದ ನೀರು ಎತ್ತಿ ಎತ್ತಿ ಸುರಿದರೆ ಆಮ್ಲಜನಕ ಸಿಗುತ್ತೆ; ರಾತ್ರಿ ಹೊತ್ತಿಗೆ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ.

ರೈತರ ಮನೆಯಲ್ಲಿ ಮಾತ್ರ ಬರೋ ತೊಂದರೆ ಒಂದಿದೆ, ಪೇಟೆಯವರ ವಿಡಿಯೊಗಳಲ್ಲಿ ಅದು ಇರಲ್ಲ. ಸೈಪರ್‌ಮೆಥ್ರಿನ್ ಥರದ ಔಷಧಿ ಮೀನಿಗೆ ಅತಿ ಕಡಿಮೆ ಪ್ರಮಾಣದಲ್ಲೂ ಮಾರಕ. ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣದ ತಾಮ್ರವೂ ಹಾಗೇ, ಸಾವಯವದವರು ಬಳಸ್ತಾರೆ ಅಂದಮಾತ್ರಕ್ಕೆ ಮೀನಿಗೆ ಮಿತ್ರ ಅಲ್ಲ. ಸಿಂಪಡಣೆ ಮುಗಿಸಿ ಬಂದು ಟ್ಯಾಂಕಿಗೆ ಕೈ ಹಾಕಬೇಡಿ. ಮೀನಿನ ಬಕೆಟ್, ಮಗ್, ಬಟ್ಟೆ ಬೇರೆಯೇ ಇರಲಿ, ಮೇಲೆ ಬಣ್ಣದ ಗುರುತು ಹಾಕಿ, ಮನೆಯವರಿಗೆಲ್ಲ ಹೇಳಿ. ನಾಳೆ ತೋಟದ ಮಧ್ಯೆ ಘಟಕ ಕಟ್ಟೋ ಆಸೆ ಇದ್ದರೆ, ಪಕ್ಕದ ತೋಟದವರು ಏನು ಹೊಡೀತಾರೆ, ಗಾಳಿ ಯಾವ ಕಡೆ ಬೀಸುತ್ತೆ ಅನ್ನೋದನ್ನ ಈ ಆರು ತಿಂಗಳಲ್ಲೇ ಗಮನಿಸಿ.

ಮೂರು-ನಾಲ್ಕು ತಿಂಗಳು ಮೀನು ಆರಾಮಾಗಿದ್ದರೆ ಮರಿ ಮಾಡಿಸಿ ನೋಡಿ. ಜೀಬ್ರಾ ಬೆಳಗಿನ ಹೊತ್ತು ಮೊಟ್ಟೆ ಚೆಲ್ಲುತ್ತೆ, ಚೆಲ್ಲಿದ ಮೇಲೆ ತಾನೇ ತಿನ್ನುತ್ತೆ. ಬೇರೊಂದು ಪುಟ್ಟ ಟ್ಯಾಂಕಿನ ತಳಕ್ಕೆ ಗೋಲಿ ಹರಡಿದರೆ ಮೊಟ್ಟೆ ಸಂದಿಗೆ ಬಿದ್ದು ಉಳಿಯುತ್ತೆ. ಸಂಜೆ ಒಂದು ಗಂಡು, ಎರಡು ಹೆಣ್ಣು ಬಿಟ್ಟು, ಮೊಟ್ಟೆ ಇಟ್ಟ ಮೇಲೆ ದೊಡ್ಡ ಮೀನು ಎತ್ತಿಬಿಡಿ. ಎರಡು-ಮೂರು ದಿನದಲ್ಲಿ ಮರಿ ಹೊರಬರುತ್ತೆ. ಅದನ್ನ ಒಂದಿಂಚಿನವರೆಗೆ ಬೆಳೆಸೋದರಲ್ಲೇ ಘಟಕದ ಲಾಭ-ನಷ್ಟ ಇರೋದು. ನೂರು ಮರಿಯಲ್ಲಿ ಎಷ್ಟು ಉಳಿದವು ಅಂತ ಬರೆದಿಡಿ. ಯೋಜನಾ ವರದಿ ಬರೆಸುವಾಗ ಏಜೆಂಟ್ ಹೇಳೋ ಅಂಕಿಗೆ ಬದಲು ಈ ಅಂಕಿ ಹಾಕಿ, ಲೆಕ್ಕ ಎಲ್ಲಿಗೆ ಬರುತ್ತೆ ನೋಡಿ.

ಘಟ್ಟದ ಕಡೆಯ ಹುಡುಗರಿಗೆ ಇನ್ನೊಂದು ಮಾತು. 'ಮಿಸ್ ಕೇರಳ' ಅಂತ ವಿದೇಶಕ್ಕೂ ಹೋಗೋ ಕೆಂಪು ಗೆರೆಯ ಮೀನು ನಮ್ಮ ಪಶ್ಚಿಮಘಟ್ಟದ್ದೇ, ಅಳಿವಿನಂಚಿನ ಪಟ್ಟಿಯಲ್ಲಿದೆ. ಬೆಲೆ ಕೇಳಿ ಹಳ್ಳಕ್ಕೆ ಬಲೆ ಹಾಕಬೇಡಿ. ಸಾಕೋದು ಬೇಸರ ಆಯ್ತು ಅಂತ ಅಂಗಡಿ ಮೀನನ್ನ ಕೆರೆಗೂ ಬಿಡಬೇಡಿ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ಈಗ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಬಲೆ ಹರೀತಿದೆ. ಬೇಡವಾದ ಮೀನನ್ನ ಅಂಗಡಿಗೇ ವಾಪಸ್ ಕೊಡಿ, ದುಡ್ಡು ಕೊಡದಿದ್ದರೂ ಬಹಳಷ್ಟು ಅಂಗಡಿಯವರು ಇಟ್ಟುಕೊಳ್ತಾರೆ.